ಸಣ್ಣ ಊರಿನಲ್ಲಿ ಲೇಓವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೇಓವರ್ ಅಂದರೆ ಒಂದು ವಿಮಾನ ಇಳಿದು ಮುಂದಿನದನ್ನು ಹತ್ತುವವರೆಗೆ ನಡುವಿನ ಊರಿನಲ್ಲಿ ಕಾಯುವ ಹೊತ್ತು. ದೊಡ್ಡ ವಿಮಾನ ನಿಲ್ದಾಣದಲ್ಲಿ ಆರು ಗಂಟೆ ಕಳೆಯುವುದು ಅಂಥ ಕಷ್ಟವೇನಲ್ಲ. ಸಣ್ಣ ಊರಿನ ನಿಲ್ದಾಣದ ಕಥೆ ಬೇರೆ. ಒಂದು ಕಾಫಿ ಕೌಂಟರ್, ನಾಲ್ಕು ಸಾಲು ಕುರ್ಚಿ, ಗೋಡೆಗೆ ಒಂದು ಟಿವಿ. ಅರ್ಧ ಗಂಟೆಯಲ್ಲಿ ಎಲ್ಲ ನೋಡಿ ಮುಗಿಯುತ್ತದೆ. ಹೊರಗೆ ಹೋಗೋಣ ಅನ್ನಿಸುತ್ತದೆ, ಹೋದರೆ ಹೊತ್ತಿಗೆ ಸರಿಯಾಗಿ ವಾಪಸ್ ಬರುತ್ತೇವಾ ಎಂಬ ಅಳುಕೂ ಇರುತ್ತದೆ. ಹೀಗೆ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು.

ಎಷ್ಟು ಗಂಟೆ ಇದ್ದರೆ ಹೊರಗೆ ಹೋಗಬಹುದು?

ಟಿಕೆಟ್‌ನಲ್ಲಿ ಕಾಣುವ ಗಂಟೆಗಳನ್ನು ನಂಬಬೇಡಿ. ಹಿಂದಿನಿಂದ ಲೆಕ್ಕ ಹಾಕಿ.

ಏಳು ಗಂಟೆ ಇದೆ ಅಂದುಕೊಳ್ಳಿ. ವಿಮಾನದಿಂದ ಇಳಿದು, ಇಮಿಗ್ರೇಷನ್ (ಪಾಸ್‌ಪೋರ್ಟ್ ತಪಾಸಣೆ) ಮುಗಿಸಿ ಬಾಗಿಲು ದಾಟಲು ಮುಕ್ಕಾಲು ಗಂಟೆ ಬೇಕು. ಅಂತರರಾಷ್ಟ್ರೀಯ ವಿಮಾನವಾದರೆ ಹೊರಡುವ ಎರಡು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಊರಿಗೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಇದರ ಮೇಲೆ ಇನ್ನೊಂದು ಅರ್ಧ ಗಂಟೆ ಸುಮ್ನೆ ಕೈಯಲ್ಲಿ ಇಟ್ಟುಕೊಳ್ಳಬೇಕು. ಇದನ್ನೆಲ್ಲ ಕಳೆದರೆ ಉಳಿಯುವುದು ಎರಡೂ ಮುಕ್ಕಾಲು ಗಂಟೆ. ಏಳು ಗಂಟೆ ಅಂತ ಖುಷಿಪಟ್ಟದ್ದು ಇಷ್ಟಕ್ಕೆ ಇಳಿಯುತ್ತದೆ. ಆದರೆ ಒಂದು ಸಣ್ಣ ಊರಿಗೆ ಎರಡೂ ಮುಕ್ಕಾಲು ಗಂಟೆ ಧಾರಾಳ.

ಲೆಕ್ಕ ಮುಗಿದಾಗ ಕೈಗೆ ಉಳಿಯುವುದು ಒಂದೂವರೆ ಗಂಟೆಗಿಂತ ಕಡಿಮೆ ಇದ್ದರೆ ಹೋಗಬೇಡಿ. ಅಷ್ಟರಲ್ಲಿ ಊರು ನೋಡುವುದಕ್ಕಿಂತ ಗಡಿಯಾರ ನೋಡುವುದೇ ಜಾಸ್ತಿಯಾಗುತ್ತದೆ. ಒಂದೇ ದೇಶದೊಳಗಿನ ವಿಮಾನಗಳಾದರೆ ಇಮಿಗ್ರೇಷನ್ ಇಲ್ಲ, ಒಂದೂವರೆ ಗಂಟೆ ಮುಂಚೆ ವಾಪಸಾದರೂ ಸಾಕು. ಅಲ್ಲಿಗೆ ಐದು ಗಂಟೆಯ ಲೇಓವರ್ ಕೂಡ ಕೆಲಸಕ್ಕೆ ಬರುತ್ತದೆ.

ಸಣ್ಣ ನಿಲ್ದಾಣದಲ್ಲಿ ಕ್ಯೂ ಇರುವುದಿಲ್ಲ ಅಲ್ವಾ? ಇಷ್ಟೊಂದು ಮುಂಚೆ ಯಾಕೆ ಬರಬೇಕು?

ಕ್ಯೂ ಇರುವುದಿಲ್ಲ ಅನ್ನುವುದು ದಿನದ ಬಹುಪಾಲು ನಿಜ. ನಿಮ್ಮ ವಿಮಾನದ ಹೊತ್ತಿಗೆ ಮಾತ್ರ ನಿಜವಲ್ಲ. ಅಲ್ಲಿ ಸೆಕ್ಯುರಿಟಿ ಚೆಕ್ಕಿಗೆ ಇರುವುದೇ ಒಂದೋ ಎರಡೋ ಸಾಲು. ಪೂರ್ತಿ ವಿಮಾನದ ಜನ ಒಂದೇ ಗಂಟೆಯಲ್ಲಿ ಆ ಸಾಲಿಗೆ ಬಂದು ನಿಲ್ಲುತ್ತಾರೆ. ಯಂತ್ರ ಕೈಕೊಟ್ಟರೆ ಪಕ್ಕದ ಸಾಲಿಗೆ ಹೋಗೋಣ ಅಂದರೆ ಪಕ್ಕದ ಸಾಲೇ ಇರುವುದಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ದೊಡ್ಡ ನಿಲ್ದಾಣದಲ್ಲಿ ವಿಮಾನ ತಪ್ಪಿದರೆ ಎರಡು ಗಂಟೆಗೆ ಇನ್ನೊಂದು ಸಿಗಬಹುದು. ಇಲ್ಲಿ ಮುಂದಿನ ವಿಮಾನ ನಾಳೆ. ಕೆಲವು ಕಡೆ ಮುಂದಿನ ಗುರುವಾರ! ನಿಲ್ದಾಣ ಚಿಕ್ಕದಾದಷ್ಟೂ ತಪ್ಪಿಸಿಕೊಂಡದ್ದರ ಬೆಲೆ ಜಾಸ್ತಿ. ಅದಕ್ಕೇ ಸಣ್ಣ ನಿಲ್ದಾಣ ಅಂತ ಸಮಯ ಉಳಿಸಲು ಹೋಗುವುದು ಜಾಣತನವಲ್ಲ.

ಚೆಕ್-ಇನ್ ಕೌಂಟರ್ ವಿಷಯವೂ ಇದೆ. ವಿಮಾನಕ್ಕೆ ಎರಡು ಗಂಟೆ ಇರುವಾಗ ತೆರೆದು, ಒಂದು ಗಂಟೆ ಇರುವಾಗ ಮುಚ್ಚಿಬಿಡುವ ಕೌಂಟರ್‌ಗಳಿವೆ. ಆಮೇಲೆ ಅದೇ ಸಿಬ್ಬಂದಿ ಗೇಟಿಗೆ ಹೋಗುತ್ತಾರೆ. ಕೌಂಟರ್‌ನಲ್ಲಿ ಚೀಟಿ ಹರಿದವರೇ ಗೇಟಿನಲ್ಲಿ ಪಾಸ್ ನೋಡುತ್ತಾರೆ, ಕೆಲವು ಸಲ ವಿಮಾನದ ಪಕ್ಕ ನಿಂತು ಕೈಬೀಸಿ ದಾರಿಯನ್ನೂ ತೋರಿಸುತ್ತಾರೆ. ಮುಚ್ಚಿದ ಕೌಂಟರ್ ಮುಂದೆ ಎಷ್ಟು ಕೂಗಿದರೂ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ.

ಟಿಕೆಟ್ ಒಂದೇ ಆಗಿದ್ದರೆ, ಬೇರೆ ಬೇರೆ ಆಗಿದ್ದರೆ ವ್ಯತ್ಯಾಸ ಆಗುತ್ತದಾ?

ತುಂಬಾ ಆಗುತ್ತದೆ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ವಿಮಾನ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಹೊಣೆ ನಿಮ್ಮದೇ. ಮೊದಲ ಕಂಪನಿ ನಿಮ್ಮನ್ನು ಇಳಿಸಿದ ಮೇಲೆ ಅದರ ಕೆಲಸ ಮುಗಿಯಿತು. ಎರಡನೆಯ ಕಂಪನಿಗೆ ನೀವು ತಡವಾಗಿ ಬಂದ ಪ್ರಯಾಣಿಕರು, ಅಷ್ಟೇ.

ಒಂದೇ ಟಿಕೆಟ್ ಇದ್ದರೂ ಒಂದು ಮಾತು ನೆನಪಿರಲಿ. ನೀವಾಗಿ ಊರು ಸುತ್ತಲು ಹೋಗಿ ತಡಮಾಡಿಕೊಂಡರೆ ಆ ರಕ್ಷಣೆ ಸಿಗುವುದಿಲ್ಲ.

ಅಂತರರಾಷ್ಟ್ರೀಯ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಊರಿನಲ್ಲಿ ಕಾಯುವ ಹೊತ್ತು 24 ಗಂಟೆಯೊಳಗೆ ಇದ್ದರೆ ಅದು ಬರೀ ಕನೆಕ್ಷನ್. ಅದಕ್ಕಿಂತ ಹೆಚ್ಚಾದರೆ ಸ್ಟಾಪ್‌ಓವರ್, ಆಗ ದರವೂ ಬದಲಾಗಬಹುದು. ಕೆಲವು ಕಂಪನಿಗಳು ಪ್ರಯಾಣಿಕರು ತಮ್ಮ ದೇಶದಲ್ಲಿ ಇಳಿಯಲಿ ಅಂತ ಸ್ಟಾಪ್‌ಓವರನ್ನು ಹೆಚ್ಚುವರಿ ದರವಿಲ್ಲದೆ ಕೊಡುತ್ತವೆ. ಐಸ್‌ಲ್ಯಾಂಡ್‌ಏರ್ ಬಹಳ ವರ್ಷಗಳಿಂದ ಹೀಗೆ ಮಾಡುತ್ತಿದೆ. ಟಿಕೆಟ್ ತೆಗೆಯುವಾಗಲೇ ಇದನ್ನು ನೋಡಿಕೊಂಡರೆ ಆರು ಗಂಟೆಯ ಪರದಾಟದ ಬದಲು ಎರಡು ದಿನ ನೆಮ್ಮದಿಯಾಗಿ ಇರಬಹುದು.

ವೀಸಾ ಬೇಕಾ?

ನಿಲ್ದಾಣದ ಬಾಗಿಲು ದಾಟಿದರೆ ಆ ದೇಶಕ್ಕೆ ಕಾಲಿಟ್ಟ ಹಾಗೆ. ನಿಮ್ಮ ಪಾಸ್‌ಪೋರ್ಟಿಗೆ ಆ ದೇಶ ವೀಸಾ ಕೇಳುವುದಾದರೆ ಎರಡು ಗಂಟೆಗೂ ಬೇಕು, ಎರಡು ವಾರಕ್ಕೂ ಬೇಕು.

ಜನ ಎಡವುವುದು ಟ್ರಾನ್ಸಿಟ್ ವೀಸಾ ವಿಷಯದಲ್ಲಿ. ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು) ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಇದ್ದರೆ ನಿಲ್ದಾಣದ ಅಂತರರಾಷ್ಟ್ರೀಯ ಭಾಗದಲ್ಲಿ ಕೂರಬಹುದು, ಹೊರಗೆ ಹೋಗುವಂತಿಲ್ಲ. ಹೊರಗೆ ಹೋಗಲು ಮಾಮೂಲಿ ಷೆಂಗೆನ್ ವೀಸಾನೇ ಬೇಕು. ಅಮೆರಿಕದಲ್ಲಿ ಇದರ ಉಲ್ಟಾ. ಅಲ್ಲಿ ಇಮಿಗ್ರೇಷನ್ ಮುಗಿಸದೆ ವಿಮಾನ ಬದಲಿಸುವ ವ್ಯವಸ್ಥೆಯೇ ಇಲ್ಲ. ಹೊರಗೆ ಹೋಗದಿದ್ದರೂ ವೀಸಾ ಅಥವಾ ಅದಕ್ಕೆ ಸಮನಾದ ಅನುಮತಿ ಬೇಕೇ ಬೇಕು. ಅದು ಪ್ರವಾಸಕ್ಕೂ ಸಲ್ಲುವಂಥದ್ದಾದರೆ ಹೊರಗೆ ಹೋಗಿಬರಲು ಅಡ್ಡಿಯಿಲ್ಲ.

ಸಣ್ಣ ನಿಲ್ದಾಣಗಳಲ್ಲಿ ಇನ್ನೊಂದು ತೊಡಕಿದೆ. ಅಂತರರಾಷ್ಟ್ರೀಯ ಟ್ರಾನ್ಸಿಟ್ ಭಾಗವೇ ಇಲ್ಲದ ನಿಲ್ದಾಣಗಳು ಬಹಳ. ಅಲ್ಲಿ ಇಳಿದವರೆಲ್ಲ ಇಮಿಗ್ರೇಷನ್ ದಾಟಲೇಬೇಕು. ನಾನು ಹೊರಗೆ ಹೋಗೋದೇ ಇಲ್ಲ, ವೀಸಾ ಯಾಕೆ ಅಂತ ಕೂತರೆ ಮೊದಲ ವಿಮಾನವನ್ನೇ ಹತ್ತಿಸಿಕೊಳ್ಳದಿರಬಹುದು. ಆ ದೇಶದ ಸರ್ಕಾರಿ ಜಾಲತಾಣದಲ್ಲೇ ನೋಡಿ. ಟಿಕೆಟ್ ಮಾರುವವರು ಹೇಳಿದ್ದನ್ನು ನಂಬಿ ಕೂರಬೇಡಿ.

ಲಗೇಜ್ ಏನು ಮಾಡೋದು?

ಚೆಕ್-ಇನ್ ಮಾಡಿದ ಬ್ಯಾಗಿನ ವಿಷಯ ಮೊದಲು. ಮೊದಲ ನಿಲ್ದಾಣದಲ್ಲಿ ಬ್ಯಾಗಿಗೆ ಉದ್ದನೆಯ ಚೀಟಿ ಅಂಟಿಸುತ್ತಾರಲ್ಲ, ಅದರ ತುಂಡೊಂದನ್ನು ನಿಮ್ಮ ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿ ಕೊಡುತ್ತಾರೆ. ಅಲ್ಲೇ ನಿಂತು ಅದನ್ನು ಓದಿ. ಅದರಲ್ಲಿ ದಪ್ಪಕ್ಷರದಲ್ಲಿ ಮೂರು ಅಕ್ಷರದ ನಿಲ್ದಾಣದ ಕೋಡ್ ಇರುತ್ತದೆ. ಅದು ನಿಮ್ಮ ಕೊನೆಯ ಊರಿನ ಕೋಡ್ ಆಗಿದ್ದರೆ ಬ್ಯಾಗ್ ನೇರವಾಗಿ ಅಲ್ಲಿಗೇ ಹೋಗುತ್ತದೆ, ನೀವು ಕೈಬೀಸಿಕೊಂಡು ಊರು ಸುತ್ತಬಹುದು. ನಡುವಿನ ಊರಿನ ಕೋಡ್ ಇದ್ದರೆ ಬ್ಯಾಗ್ ಅಲ್ಲೇ ಬೆಲ್ಟ್ ಮೇಲೆ ಬರುತ್ತದೆ, ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಹೊರದೇಶದಿಂದ ಅಮೆರಿಕಕ್ಕೆ ಬಂದರೆ ಕೋಡ್ ಏನೇ ಇದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಕಡೆ ಬ್ಯಾಗ್ ತೆಗೆದು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು.

ಕೈಚೀಲದ ಕಥೆ ಬೇರೆ. ಸಣ್ಣ ನಿಲ್ದಾಣಗಳಲ್ಲಿ ಲಾಕರ್ ಇರುವುದು ಅಪರೂಪ. ಊರಿನ ರೈಲು ನಿಲ್ದಾಣ ಅಥವಾ ಬಸ್ ನಿಲ್ದಾಣದಲ್ಲಿ ಲಗೇಜ್ ಇಡುವ ಕೋಣೆ ಇರುವ ಸಾಧ್ಯತೆ ಹೆಚ್ಚು. ಹೋಟೆಲ್ ಒಂದರಲ್ಲಿ ಊಟ ಮಾಡಿ, ಬ್ಯಾಗ್ ಎರಡು ಗಂಟೆ ಇಟ್ಟುಕೊಳ್ಳುತ್ತೀರಾ ಅಂತ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಲ್ಯಾಪ್‌ಟಾಪ್, ಪಾಸ್‌ಪೋರ್ಟ್, ಔಷಧಿ ಮಾತ್ರ ನಿಮ್ಮ ಜೊತೆಗೇ ಇರಲಿ. ಚಕ್ರದ ಬ್ಯಾಗಿಗಿಂತ ಬೆನ್ನಿಗೆ ಹಾಕುವ ಬ್ಯಾಗ್ ಒಳ್ಳೆಯದು. ಸಣ್ಣ ಊರುಗಳ ಕಾಲುದಾರಿಯಲ್ಲಿ ಚಕ್ರದ ಬ್ಯಾಗ್ ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿಗೆ ಹೋಗೋದು ಹೇಗೆ? ಟ್ಯಾಕ್ಸಿ ಸಿಗುತ್ತಾ?

ಹೋಗುವುದಕ್ಕೆ ಸಿಗುತ್ತದೆ. ಬರುವುದಕ್ಕೆ ಸಿಗುತ್ತದಾ ಅಂತ ಕೇಳಿ.

ವಿಮಾನ ಇಳಿಯುವ ಹೊತ್ತಿಗೆ ಟ್ಯಾಕ್ಸಿಗಳು ಬಂದು ನಿಂತಿರುತ್ತವೆ. ಹತ್ತು ನಿಮಿಷದಲ್ಲಿ ಎಲ್ಲವೂ ಹೊರಟು ಹೋಗುತ್ತವೆ. ಮತ್ತೆ ಬರುವುದು ಮುಂದಿನ ವಿಮಾನಕ್ಕೆ. ಬಸ್ ಇದ್ದರೂ ವಿಮಾನದ ವೇಳೆಗೆ ಹೊಂದಿಸಿರುತ್ತಾರೆ, ಇಡೀ ಮಧ್ಯಾಹ್ನ ಒಂದೂ ಇಲ್ಲದಿರಬಹುದು. ಆ್ಯಪ್‌ನಲ್ಲಿ ಕಾರು ಬರುತ್ತದೆ ಅಂತ ನಂಬಿ ಊರಿನ ಆ ತುದಿಗೆ ಹೋದರೆ, ಹತ್ತಿರದಲ್ಲಿ ಯಾವ ವಾಹನವೂ ಇಲ್ಲ ಎಂಬ ಉತ್ತರ ಬರುತ್ತದೆ.

ಅದಕ್ಕೆ ಹೋಗುವಾಗಲೇ ವಾಪಸಾತಿಯನ್ನು ಗಟ್ಟಿಮಾಡಿಕೊಳ್ಳಿ. ಡ್ರೈವರ್ ಹತ್ತಿರ ಮಾತಾಡಿ. ‘ನಾಲ್ಕು ಗಂಟೆಗೆ ಇದೇ ಜಾಗಕ್ಕೆ ಬರ್ತೀರಾ?’ ಅಂತ ಕೇಳಿ, ಫೋನ್ ನಂಬರ್ ತೆಗೆದುಕೊಂಡು ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಿ. ನಂಬರ್ ಬರೆದುಕೊಂಡರೆ ಸಾಲದು, ರಿಂಗ್ ಆಗುವುದನ್ನು ಕೇಳಬೇಕು. ನಿಮ್ಮ ಸಿಮ್ ಆ ದೇಶದಲ್ಲಿ ಕೆಲಸ ಮಾಡುತ್ತಿಲ್ಲ ಅನ್ನುವುದು ಆಗಲೇ ತಿಳಿಯಲಿ. ಭಾಷೆ ಬರದಿದ್ದರೆ ಗಂಟೆಯನ್ನು ಅಂಕಿಯಲ್ಲಿ ಬರೆದು ತೋರಿಸಿ. ಬಾಡಿಗೆಯ ಪೂರ್ತಿ ಹಣವನ್ನು ವಾಪಸ್ ಬಂದ ಮೇಲೆ ಕೊಡುವ ಮಾತಾದರೆ ಇಬ್ಬರಿಗೂ ನೆಮ್ಮದಿ.

ಆ ಊರಿನ ದುಡ್ಡು ಸ್ವಲ್ಪ ನಗದಾಗಿ ಇರಲಿ. ಕಾರ್ಡ್ ನಡೆಯದ ಟ್ಯಾಕ್ಸಿ, ಕಾರ್ಡ್ ನಡೆಯದ ಬಸ್ ಇನ್ನೂ ಇವೆ.

ನೋಡೋಕೆ ಏನೂ ಇಲ್ಲದ ಊರು ಅಂತಾರೆ. ಹೋಗಿ ಏನು ಮಾಡೋದು?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಹತ್ತು ಜಾಗಗಳ ಪಟ್ಟಿ ಹುಡುಕಿ, ಸಿಗದೆ ಬೇಸರಪಟ್ಟವರು. ಪಟ್ಟಿ ಇಲ್ಲದಿರುವುದೇ ಇಲ್ಲಿ ಅನುಕೂಲ. ಎರಡು ಗಂಟೆಯಲ್ಲಿ ಹತ್ತು ಜಾಗ ನೋಡಲು ಆಗುವುದಿಲ್ಲ, ಆದರೆ ಒಂದು ಬೀದಿಯನ್ನು ಚೆನ್ನಾಗಿ ನೋಡಬಹುದು. ಒಂದೇ ಒಂದು ಕೆಲಸ ಇಟ್ಟುಕೊಂಡು ಹೋಗಿ ಅನ್ನುವುದು ನನ್ನ ಸಲಹೆ. ಉಳಿದದ್ದು ತಾನಾಗಿ ಸಿಕ್ಕರೆ ಸಿಗಲಿ.

ಯಾವ ಊರಿನಲ್ಲೂ ಸಿಗುವ ಕೆಲವು ಇವೆ. ಸಂತೆ ಅಥವಾ ಮಾರುಕಟ್ಟೆ ಮೊದಲನೆಯದು. ಆದರೆ ವಾರದ ಯಾವ ದಿನ, ಎಷ್ಟು ಹೊತ್ತಿನವರೆಗೆ ಅಂತ ಮೊದಲೇ ನೋಡಿಕೊಳ್ಳಿ. ಬೆಳಿಗ್ಗೆ ತುಂಬಿದ್ದ ಜಾಗ ಮಧ್ಯಾಹ್ನಕ್ಕೆ ಖಾಲಿ ಬಯಲಾಗಿರುತ್ತದೆ. ಹೊಳೆ, ಕೆರೆ, ಸಮುದ್ರ ಇದ್ದರೆ ಅದರ ದಂಡೆ. ರೈಲು ನಿಲ್ದಾಣದ ಎದುರಿನ ಬೀದಿ. ಊರಿನ ಹಳೆಯ ಪೂಜಾಸ್ಥಳ. ಎತ್ತರದ ಗುಡ್ಡವಿದ್ದರೆ ಅರ್ಧ ಗಂಟೆ ಹತ್ತಿ ಇಡೀ ಊರನ್ನು ಒಂದೇ ನೋಟದಲ್ಲಿ ನೋಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟ ಸಾರ್ವಜನಿಕ ಗ್ರಂಥಾಲಯ. ಹೆಚ್ಚಿನ ಕಡೆ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಕುರ್ಚಿ ಇರುತ್ತದೆ, ಶೌಚಾಲಯ ಇರುತ್ತದೆ, ಬಹಳಷ್ಟು ಕಡೆ ವೈಫೈ ಕೂಡ. ಭಾಷೆ ಬರದಿದ್ದರೂ ಪರವಾಗಿಲ್ಲ. ಊರಿನ ಹಳೆಯ ಫೋಟೋಗಳನ್ನು ಗೋಡೆಗೆ ಹಾಕಿರುತ್ತಾರೆ. ನೀವೀಗ ನಡೆದು ಬಂದ ಬೀದಿ ಅದರಲ್ಲಿ ಕಪ್ಪು ಬಿಳುಪಿನಲ್ಲಿ ಇರುತ್ತದೆ, ಮೂಲೆಯ ಕಟ್ಟಡ ಹಾಗೇ ಇರುತ್ತದೆ, ಕೆಳಗಿನ ಬೋರ್ಡ್ ಮಾತ್ರ ಬದಲಾಗಿರುತ್ತದೆ. ನೋಟೀಸ್ ಬೋರ್ಡಿನಲ್ಲಿ ಕಳೆದುಹೋದ ಬೆಕ್ಕು, ಬಾಡಿಗೆಗೆ ಕೋಣೆ, ಸಂಜೆಯ ಸಂಗೀತ ಪಾಠ. ಪ್ರವಾಸಿ ತಾಣ ಅಂತ ಹೆಸರಾದ ಕಡೆ ಇಂಥವು ಕಣ್ಣಿಗೆ ಬೀಳುವುದು ಕಡಿಮೆ.

ವಾರದ ರಜೆ ನೋಡಿಕೊಳ್ಳಿ. ಸಣ್ಣ ಊರುಗಳಲ್ಲಿ ಇಡೀ ಪೇಟೆ ಒಟ್ಟಿಗೆ ಬಾಗಿಲು ಹಾಕುತ್ತದೆ. ವಸ್ತುಸಂಗ್ರಹಾಲಯಗಳಿಗೆ ಬಹಳ ಕಡೆ ಸೋಮವಾರ ರಜೆ.

ಒಂದು ಎಚ್ಚರಿಕೆ. ಸಮುದ್ರ ಇದೆ ಅಂತ ಸ್ಕೂಬಾ ಡೈವಿಂಗಿಗೆ ಮಾತ್ರ ಇಳಿಯಬೇಡಿ. ಒಂದೇ ಸಲ ಮುಳುಗಿದರೂ ಕನಿಷ್ಠ 12 ಗಂಟೆ, ಹಲವು ಸಲವಾದರೆ 18 ಗಂಟೆ ವಿಮಾನ ಹತ್ತಬಾರದು ಎನ್ನುವುದು ಡೈವಿಂಗ್ ಕ್ಷೇತ್ರದ ಸಲಹೆ. ಲೇಓವರ್‌ಗೂ ಇದಕ್ಕೂ ಹೊಂದುವುದೇ ಇಲ್ಲ.

ಸಣ್ಣ ಊರು ಬಿಟ್ಟು ಹತ್ತಿರದ ದೊಡ್ಡ ನಗರಕ್ಕೆ ಹೋಗಿಬರಬಹುದಾ?

ಮೊದಲು ದೂರ ನೋಡಿ. ನಿಲ್ದಾಣದ ಹೆಸರು ನೋಡಬೇಡಿ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್-ಹಾನ್ ಎಂಬ ನಿಲ್ದಾಣವಿದೆ. ಫ್ರಾಂಕ್‌ಫರ್ಟ್ ನಗರದಿಂದ ಅದು ಸುಮಾರು 120 ಕಿಲೋಮೀಟರ್ ದೂರ. ಮೊದಲು ಅಮೆರಿಕದ ವಾಯುನೆಲೆಯಾಗಿದ್ದ ಜಾಗ. ಹೆಸರು ನಂಬಿ ನಗರಕ್ಕೆ ಹೊರಟರೆ ಲೇಓವರ್ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಐಸ್‌ಲ್ಯಾಂಡಿನ ಕೆಫ್ಲಾವಿಕ್ ಇನ್ನೊಂದು ಉದಾಹರಣೆ. ರಾಜಧಾನಿ ರೇಕ್ಯಾವಿಕ್ ಅಲ್ಲಿಂದ ಸುಮಾರು 50 ಕಿಲೋಮೀಟರ್. ಕೆಫ್ಲಾವಿಕ್ ಊರು ಮಾತ್ರ ನಿಲ್ದಾಣದ ಪಕ್ಕದಲ್ಲೇ, ಕಡಲ ದಂಡೆಯಲ್ಲಿದೆ. ಐದು ಗಂಟೆ ಇರುವವರೂ ರಾಜಧಾನಿಗೆ ಓಡುತ್ತಾರೆ. ಹೋಗಿಬರುವುದರಲ್ಲೇ ಎರಡು ಗಂಟೆ ಕಳೆಯುತ್ತದೆ. ಹತ್ತಿರದ ಊರಿಗೆ ಹೋದವರು ಆ ಎರಡು ಗಂಟೆಯನ್ನು ನಡೆದು ಕಳೆಯುತ್ತಾರೆ. ಹತ್ತು ಗಂಟೆಗಿಂತ ಹೆಚ್ಚಿದ್ದರೆ ನಗರದ ಯೋಚನೆ ಮಾಡಿ. ಅದಕ್ಕಿಂತ ಕಡಿಮೆಯಾದರೆ ಹತ್ತಿರದ್ದೇ ವಾಸಿ.

ಅಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ರನ್‌ವೇ ಯಾಕಿರುತ್ತದೆ?

ಪ್ರಯಾಣಕ್ಕೆ ಬೇಕಾದ ಪ್ರಶ್ನೆಯಲ್ಲ, ಆದರೂ ಜನ ಕೇಳುತ್ತಾರೆ. ಉತ್ತರ ಚೆನ್ನಾಗಿದೆ.

ಜೆಟ್‌ಗಳು ಬರುವ ಮೊದಲಿನ ವಿಮಾನಗಳಿಗೆ ಅಟ್ಲಾಂಟಿಕ್ ಸಾಗರವನ್ನು ಒಂದೇ ಉಸಿರಿಗೆ ದಾಟುವಷ್ಟು ಇಂಧನ ಹಿಡಿಯುತ್ತಿರಲಿಲ್ಲ. ಸಾಗರದ ಎರಡೂ ಅಂಚಿನಲ್ಲಿ ಇಳಿದು ತುಂಬಿಸಿಕೊಳ್ಳಬೇಕಿತ್ತು. ಕೆನಡಾ ಕಡೆ ಗ್ಯಾಂಡರ್, ಐರ್ಲೆಂಡ್ ಕಡೆ ಶಾನನ್ ಹೀಗೆ ಬೆಳೆದವು. ಗ್ಯಾಂಡರ್ ನಿಲ್ದಾಣ 1938ರಲ್ಲಿ ಶುರುವಾಯಿತು, ಊರು ಹುಟ್ಟಿದ್ದೇ ನಿಲ್ದಾಣದಿಂದ. ಅಲ್ಲಿನ ಹಲವು ಬೀದಿಗಳಿಗೆ ಪೈಲಟ್‌ಗಳ ಹೆಸರಿದೆ. ಇಂಧನ ತುಂಬುವವರೆಗೆ ಪ್ರಯಾಣಿಕರು ಸುಮ್ನೆ ಕಾಯುತ್ತಿದ್ದ ಶಾನನ್‌ನಲ್ಲಿ 1947ರಲ್ಲಿ ಜಗತ್ತಿನ ಮೊದಲ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿ ತೆರೆಯಿತು. ಲೇಓವರ್‌ನ ಬೇಸರದಿಂದ ಹುಟ್ಟಿದ ವ್ಯಾಪಾರ ಅದು!

ಜೆಟ್ ವಿಮಾನಗಳು ಬಂದ ಮೇಲೆ ಇಳಿಯುವ ಅಗತ್ಯ ತಪ್ಪಿತು, ರನ್‌ವೇ ಉಳಿಯಿತು. 2001ರ ಸೆಪ್ಟೆಂಬರ್ 11ರಂದು ಅಮೆರಿಕ ತನ್ನ ಆಕಾಶವನ್ನು ಮುಚ್ಚಿದಾಗ 38 ಪ್ರಯಾಣಿಕ ವಿಮಾನಗಳು ಗ್ಯಾಂಡರ್‌ನಲ್ಲಿ ಇಳಿದವು. ಸುಮಾರು ಹತ್ತು ಸಾವಿರ ಜನರ ಊರಿಗೆ ಆರು ಸಾವಿರಕ್ಕೂ ಹೆಚ್ಚು ಅತಿಥಿಗಳು. ಶಾಲೆ, ಚರ್ಚು, ಸಭಾಂಗಣ, ಮನೆಗಳಲ್ಲಿ ಅವರಿಗೆ ಜಾಗ ಕೊಟ್ಟರು.

ರಾತ್ರಿಯ ಲೇಓವರ್ ಇದೆ. ನಿಲ್ದಾಣದಲ್ಲೇ ಮಲಗಬಹುದಾ?

ಸಣ್ಣ ನಿಲ್ದಾಣಗಳನ್ನು ಕೊನೆಯ ವಿಮಾನದ ನಂತರ ಮುಚ್ಚುವುದುಂಟು. ದೀಪ ಆರಿಸಿ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ರಾತ್ರಿ ತೆರೆದಿರುತ್ತದಾ ಅನ್ನುವುದನ್ನು ನಿಲ್ದಾಣದ ಜಾಲತಾಣದಲ್ಲಿ ಮೊದಲೇ ನೋಡಿ. ಇಲ್ಲದಿದ್ದರೆ ಕೋಣೆ ಬುಕ್ ಮಾಡಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಫೋನ್ ಮಾಡಿ ಹೇಳಿ. ಸಣ್ಣ ಹೋಟೆಲ್‌ಗಳ ರಿಸೆಪ್ಷನ್‌ನಲ್ಲಿ ರಾತ್ರಿ ಹತ್ತರ ಮೇಲೆ ಯಾರೂ ಇಲ್ಲದಿರಬಹುದು. ಬೆಳಗಿನ ನಾಲ್ಕು ಗಂಟೆಯ ಟ್ಯಾಕ್ಸಿಯನ್ನು ರಾತ್ರಿಯೇ ಹೇಳಿಡಬೇಕು.

ಬೆಳಗಿನ ಮೊದಲ ವಿಮಾನಕ್ಕೆ ಮಂಜಿನ ಕಾಟ ಜಾಸ್ತಿ. ಸೂರ್ಯ ಹುಟ್ಟುವ ಹೊತ್ತಿಗೆ ಮಂಜು ದಟ್ಟವಾಗಿರುತ್ತದೆ, ದಟ್ಟ ಮಂಜಿನಲ್ಲಿ ಇಳಿಸುವ ಉಪಕರಣಗಳು ಸಣ್ಣ ನಿಲ್ದಾಣಗಳಲ್ಲಿ ಎಲ್ಲ ಕಡೆ ಇರುವುದಿಲ್ಲ.

ಜೆಟ್ ಲ್ಯಾಗ್, ನಿದ್ದೆ, ಕಾಲು ನೋವು: ಹೊರಗೆ ಹೋದರೆ ಸುಸ್ತು ಹೆಚ್ಚಾಗಲ್ವಾ?

ಇಲ್ಲ, ನಡೆದರೆ ಒಳ್ಳೆಯದೇ. ನಾಲ್ಕು ಗಂಟೆಗಿಂತ ಹೆಚ್ಚು ಕೂತಲ್ಲೇ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ (ಒಟ್ಟಾರೆ ಕಡಿಮೆಯೇ ಆದರೂ) ಸುಮಾರು ಎರಡು ಪಟ್ಟಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ವಿಮಾನಗಳ ನಡುವೆ ಒಂದು ಗಂಟೆ ನಡೆದರೆ ಕಾಲಿಗೆ ಹಿತ. ವಿಮಾನದೊಳಗಿನ ಗಾಳಿ ಒಣಗಿರುತ್ತದೆ, ನೀರು ಕುಡಿಯಿರಿ. ಹಗಲು ಬೆಳಕು ದೇಹದ ಗಡಿಯಾರವನ್ನು ಸರಿಮಾಡಲು ನೆರವಾಗುತ್ತದೆ.

ತೀರಾ ನಿದ್ದೆ ಬರುತ್ತಿದ್ದರೆ ಮಾತ್ರ ಊರಿಗೆ ಹೋಗಬೇಡಿ. ಪಾರ್ಕಿನ ಬೆಂಚಿನ ಮೇಲೆ ಕಣ್ಣು ಮುಚ್ಚಿದವರು ಯಾವಾಗ ತೆರೆಯುತ್ತಾರೆ ಅಂತ ಹೇಳಲಾಗದು. ಅಲಾರ್ಮ್ ಇಡುವಾಗ ಫೋನ್ ಸ್ಥಳೀಯ ಸಮಯಕ್ಕೆ ಬದಲಾಗಿದೆಯಾ ಅಂತ ನೋಡಿ. ಟಿಕೆಟ್‌ನಲ್ಲಿರುವುದು ಯಾವಾಗಲೂ ಆಯಾ ಊರಿನ ಸಮಯ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ?

ಮಕ್ಕಳಿಗೆ ಆಟದ ಮೈದಾನ ಒಂದು ಸಾಕು. ವಯಸ್ಸಾದವರಿಗೆ ಗಾಲಿಕುರ್ಚಿ ಬೇಕಿದ್ದರೆ ಎರಡು ದಿನ ಮುಂಚೆ ವಿಮಾನ ಕಂಪನಿಗೆ ತಿಳಿಸಿ. ಸಣ್ಣ ನಿಲ್ದಾಣದಲ್ಲಿ ಇರುವುದೇ ಎರಡೋ ಮೂರೋ. ವಿಮಾನಕ್ಕೆ ಮೆಟ್ಟಿಲಿನಿಂದಲೇ ಹತ್ತಬೇಕಾದೀತು, ಅದನ್ನೂ ಕೇಳಿಕೊಳ್ಳಿ.

ಊರಿನಲ್ಲಿ ಏನಾದರೂ ಕೊಂಡರೆ ವಿಮಾನದೊಳಗೆ ಬಿಡುತ್ತಾರಾ?

ನೀವು ಹೊರಗೆ ಹೋಗಿ ಬಂದದ್ದರಿಂದ ಮತ್ತೆ ಸೆಕ್ಯುರಿಟಿ ಚೆಕ್ ಆಗುತ್ತದೆ. ಚೆಕ್-ಇನ್ ಬ್ಯಾಗ್ ಆಗಲೇ ಮುಂದೆ ಹೋಗಿದೆ, ಅದರಲ್ಲಿ ತುರುಕುವ ದಾರಿಯೂ ಇಲ್ಲ. ಹಾಗಾಗಿ ಜೇನು, ಎಣ್ಣೆ, ಜಾಮ್, ಉಪ್ಪಿನಕಾಯಿಯಂಥ ಯಾವುದೇ ದ್ರವ ಅಥವಾ ಅರೆದ್ರವ 100 ಮಿಲಿಲೀಟರ್ ದಾಟುವಂತಿಲ್ಲ. ಈ ನಿಯಮ 2006ರಿಂದ ಬಂದದ್ದು. ಹೊಸ ಸ್ಕ್ಯಾನರ್ ಇರುವ ಕೆಲವು ದೊಡ್ಡ ನಿಲ್ದಾಣಗಳು ಸಡಿಲಿಸಿವೆ, ಸಣ್ಣ ಕಡೆ ಅದನ್ನು ನಿರೀಕ್ಷಿಸಬೇಡಿ. ಚಾಕು, ಕತ್ತರಿ ಬೇಡವೇ ಬೇಡ. ಬಟ್ಟೆ, ಪುಸ್ತಕ, ಒಣ ತಿನಿಸು ಕೊಳ್ಳಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅನುಮತಿ ಕೇಳಬೇಕಿಲ್ಲ, ಅಂದರೆ ಸುಮಾರು 27,000 ಎಂಎಎಚ್. ಸಣ್ಣ ಊರುಗಳಿಗೆ ಹಾರುವ ವಿಮಾನವೂ ಸಣ್ಣದು. ಎಪ್ಪತ್ತು ಸೀಟಿನ ಎಟಿಆರ್‌ನಂಥದ್ದರಲ್ಲಿ ದೊಡ್ಡ ಕೈಚೀಲ ತಲೆಯ ಮೇಲಿನ ಗೂಡಿಗೆ ಹಿಡಿಸದೆ, ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಹಾಗಾದರೆ ಪವರ್ ಬ್ಯಾಂಕ್ ಹೊರಗೆ ತೆಗೆದಿಟ್ಟುಕೊಳ್ಳಿ.

ವಿಮಾನ ಎರಡು ಗಂಟೆ ತಡ ಅಂತ ಮೆಸೇಜ್ ಬಂತು. ಇನ್ನೂ ಸುತ್ತಾಡಬಹುದಾ?

ಸುತ್ತಾಡಬೇಡಿ ಅನ್ನುತ್ತೇನೆ. ತಡ ಎಂದದ್ದು ಬೇಗನೂ ಆಗಬಹುದು. ಬೇರೆ ವಿಮಾನ ಸಿಕ್ಕಿತು ಅಂತ ಹಳೆಯ ಸಮಯಕ್ಕೇ ಹೊರಟದ್ದುಂಟು. ಚೆಕ್-ಇನ್ ಕೌಂಟರ್ ಕೂಡ ಹಳೆಯ ಸಮಯಕ್ಕೇ ಮುಚ್ಚಬಹುದು. ಸಣ್ಣ ಊರಿನಲ್ಲಿ ಬಹುಪಾಲು ನೀವು ಹತ್ತುವ ವಿಮಾನ ಬೇರೆ ಊರಿನಿಂದ ಬಂದು, ಜನರನ್ನು ಇಳಿಸಿ, ನಿಮ್ಮನ್ನು ಹತ್ತಿಸಿಕೊಂಡು ಹೊರಡುತ್ತದೆ. ಫ್ಲೈಟ್‌ರೇಡಾರ್24ನಂಥ ಆ್ಯಪ್‌ನಲ್ಲಿ ಅದು ಈಗ ಎಲ್ಲಿದೆ ನೋಡಿ. ಇನ್ನೂ ಅಲ್ಲೇ ನಿಂತಿದ್ದರೆ ತಡ ಖಂಡಿತ. ಆದರೂ ನಿಲ್ದಾಣದೊಳಗೇ ಕೂತು ನೋಡಿ.

ತಡವಾದರೆ ಊಟ, ರದ್ದಾದರೆ ವಸತಿ ಕೇಳುವ ಹಕ್ಕು ಹಲವು ಕಡೆ ಇದೆ. ಯುರೋಪಿಯನ್ ಒಕ್ಕೂಟದ 261/2004 ನಿಯಮದಂತೆ ಹವಾಮಾನ ಕೆಟ್ಟು ವಿಮಾನ ನಿಂತರೂ ಊಟ, ಕೋಣೆ ಕೊಡಬೇಕು. ಪರಿಹಾರದ ಹಣ ಮಾತ್ರ ಅಂಥ ಸಂದರ್ಭದಲ್ಲಿ ಸಿಗುವುದಿಲ್ಲ.

ಊರು ಇಷ್ಟವಾಯಿತು. ಎರಡನೆಯ ವಿಮಾನ ಬಿಟ್ಟು ಇಲ್ಲೇ ಉಳಿದರೆ?

ಹೇಳದೆ ಉಳಿದರೆ ಅದೇ ಟಿಕೆಟ್‌ನ ಮುಂದಿನ ಎಲ್ಲ ವಿಮಾನಗಳೂ ಸಾಮಾನ್ಯವಾಗಿ ರದ್ದಾಗುತ್ತವೆ, ವಾಪಸ್ ಬರುವುದೂ ಸೇರಿ. ಕಂಪನಿಗೆ ಫೋನ್ ಮಾಡಿ ದಿನ ಬದಲಿಸಿಕೊಳ್ಳಿ. ದುಡ್ಡು ಬೀಳುತ್ತದೆ, ಆದರೆ ಟಿಕೆಟ್ ಉಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಗೇಟ್ ಮುಚ್ಚಿಬಿಟ್ಟರೆ?

ವಿಮಾನ ಕಣ್ಣೆದುರೇ ನಿಂತಿದ್ದರೂ ಗೇಟ್ ತೆರೆಯುವುದಿಲ್ಲ. ಅಲ್ಲಿ ವಾದಕ್ಕೆ ನಿಂತರೆ ಸಮಯ ವ್ಯರ್ಥ. ಸಿಬ್ಬಂದಿ ಮನೆಗೆ ಹೊರಡುವ ಮೊದಲು ಅವರನ್ನು ಹಿಡಿಯಿರಿ, ನಿಮ್ಮ ಹೆಸರು ನಾಳೆಯ ವಿಮಾನಕ್ಕೆ ಹಾಕಲು ಆಗುತ್ತದಾ ಕೇಳಿ. ಅದೇ ಹೊತ್ತಿಗೆ ಕಂಪನಿಯ ಸಹಾಯವಾಣಿಗೂ ಫೋನ್ ಮಾಡಿ. ಬ್ಯಾಗ್ ವಿಮಾನದಿಂದ ಇಳಿಸಿದ್ದಾರಾ ವಿಚಾರಿಸಿ, ಅಂತರರಾಷ್ಟ್ರೀಯ ವಿಮಾನಗಳಲ್ಲಿ ಬಾರದ ಪ್ರಯಾಣಿಕರ ಬ್ಯಾಗನ್ನು ಸಾಮಾನ್ಯವಾಗಿ ಇಳಿಸುತ್ತಾರೆ. ವೀಸಾ ಅವಧಿ ನಾಳೆಗೂ ಇದೆಯಾ ನೋಡಿಕೊಳ್ಳಿ. ಆಮೇಲೆ ಆ ಟ್ಯಾಕ್ಸಿ ಡ್ರೈವರ್‌ಗೆ ಫೋನ್ ಮಾಡಿ. ಊರಿನಲ್ಲಿ ಈ ಹೊತ್ತಿಗೆ ಎಲ್ಲಿ ಕೋಣೆ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.